ನಾಲ್ಕು ಪ್ರಶ್ನೆಯ ಗೊಬ್ಬರದಂಗಡಿ

ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ಹುಬ್ಬು ಗಂಟಿಕ್ಕುವ ಅಂಗಡಿಯವರು ಇಡೀ ಮುಂಬಯಿಯಲ್ಲಿ ಒಬ್ಬರೇ ಇದ್ದಾರೆ, ಅವರು ನಮ್ಮ ಸೋದರತ್ತೆ! ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ, ತಲೆ ತಗ್ಗಿಸಬೇಕೋ ಎಂಬುದು ನಮ್ಮ ಮನೆತನದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೇರೆ ಅಂಗಡಿಗಳಲ್ಲಿ "ಇನ್ನೇನು ಕೊಡಲಿ?" ಎಂದು ಕೇಳುತ್ತಾರೆ. ನಮ್ಮತ್ತೆ ಕೇಳುವುದು "ಇಷ್ಟು ಯಾಕೆ ಬೇಕು?" ಎಂದು. ಸಮಾಧಾನಕರ ಉತ್ತರ ಬರದಿದ್ದರೆ ಬಂದವರು ಖಾಲಿ ಕೈಯಲ್ಲಿ ಹೋಗಬೇಕು, ಜೊತೆಗೆ ಒಂದಿಷ್ಟು ಬೈಗುಳ ಪುಕ್ಕಟೆ.

ಅತ್ತೆಯದು ಭಾಂಡುಪ್ ಸ್ಟೇಷನ್ನಿನ ಹತ್ತಿರ ಗೊಬ್ಬರದಂಗಡಿ. ಭಾಂಡುಪಿನಲ್ಲಿ ಗೊಬ್ಬರ ಯಾರಿಗೆ ಬೇಕು, ಅಲ್ಲಿ ಬೆಳೆಯುವುದು ಬಿಲ್ಡಿಂಗು ಮಾತ್ರ ತಾನೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಮುಂದಿನ ಸಲ ಲೋಕಲ್‌ನಲ್ಲಿ ಹೋಗುವಾಗ ಮೊಬೈಲಿನಿಂದ ತಲೆಯೆತ್ತಿ ಹಳಿಯ ಪಕ್ಕ ಒಮ್ಮೆ ನೋಡಿ. ಪಾಲಕ್, ಮೆಂತ್ಯ, ಮೂಲಂಗಿ ಸಾಲುಸಾಲಾಗಿ ನಿಂತಿರುತ್ತವೆ. ಅದನ್ನು ಬೆಳೆಯುವವರು ಅತ್ತೆಯ ಗಿರಾಕಿಗಳು. ನರ್ಸರಿಯವರು, ಹೌಸಿಂಗ್ ಸೊಸೈಟಿಗಳ ಮಾಲಿಗಳು, ಕಲ್ಯಾಣದ ಆಚೆಯಿಂದ ಖಾಲಿ ಚೀಲ ಮಡಚಿಕೊಂಡು ಬರುವ ರೈತರು, ಎಲ್ಲರೂ ಅತ್ತೆಯ ಬೈಗುಳ ತಿಂದವರೇ. ಆದರೂ ಮತ್ತೆ ಮತ್ತೆ ಅಲ್ಲಿಗೇ ಬರುತ್ತಾರೆ, ಅದೇ ನನಗೆ ಆಶ್ಚರ್ಯ.

ಅಂಗಡಿ ಶುರು ಮಾಡಿದ್ದು ನಮ್ಮ ಮಾವ. ಮೈಸೂರು ಕಡೆಯಿಂದ ಬಂದು, ಗೊಬ್ಬರದ ಗೋಡೌನೊಂದರಲ್ಲಿ ಗುಮಾಸ್ತರಾಗಿದ್ದು, ಆಮೇಲೆ ಈ ಪುಟ್ಟ ಗಾಳಾ, ಅಂದರೆ ಅಂಗಡಿ ಮಳಿಗೆ, ಹಿಡಿದು ಸ್ವಂತ ವ್ಯಾಪಾರಕ್ಕೆ ಕೂತವರು. ಎಂಥ ಸಾಧು ಮನುಷ್ಯ! ಗೊಬ್ಬರ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳುವುದು ಅವರದೇ ಪದ್ಧತಿ. ಯಾವುದು ಬೇಕು? ಎಷ್ಟು ಬೇಕು? ಯಾವಾಗ ಹಾಕುತ್ತೀರಿ? ಎಲ್ಲಿ ಹಾಕುತ್ತೀರಿ? ಮಾವ ಇದನ್ನು ಬೀಗರ ಯೋಗಕ್ಷೇಮ ವಿಚಾರಿಸುವ ಹಾಗೆ ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಅದೇ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅತ್ತೆ ಅದೇ ನಾಲ್ಕು ಪ್ರಶ್ನೆಗಳನ್ನು ಪೊಲೀಸ್ ಠಾಣೆಯಲ್ಲಿ ಕೇಳುವ ಹಾಗೆ ಕೇಳತೊಡಗಿದರು.

ಒಂದು ಜುಲೈ ತಿಂಗಳು. ಹಳಿಯ ಪಕ್ಕ ಪಾಲಕ್ ಬೆಳೆಯುವ ಭಯ್ಯಾ ಒಬ್ಬರು ಬಂದು ಒಂದು ಮೂಟೆ ಯೂರಿಯಾ ಕೇಳಿದರು. ಅವರ ಹೊಲವೋ, ನಮ್ಮ ಮಲಾಡಿನ ಫ್ಲ್ಯಾಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಯಾವಾಗ ಹಾಕುತ್ತೀ ಎಂದು ಅತ್ತೆ ಕೇಳಿದರು, ಈಗಲೇ ಎಂದರು ಭಯ್ಯಾ. ಅತ್ತೆ ಹೊರಗೆ ಬಂದು ಆಕಾಶ ನೋಡಿದರು, ಒಳಗೆ ಹೋಗಿ ಮೊಬೈಲಿನಲ್ಲಿ ಮಳೆ ನೋಡಿದರು. ಚರಂಡಿಗೆ ಗೊಬ್ಬರ ಹಾಕುವ ಆಸೆಯಿದ್ದರೆ ನೇರವಾಗಿ ಅಲ್ಲೇ ಸುರಿ, ಸುಮ್ಮನೆ ಹಳಿ ದಾಟುವ ಅಪಾಯ ಯಾಕೆ ಎಂದು ತಮ್ಮ ಕನ್ನಡದ ಹಿಂದಿಯಲ್ಲಿ ವಿಚಾರಿಸಿದರು. ಭಯ್ಯಾ ಸಿಟ್ಟು ಮಾಡಿಕೊಂಡು ಹೋದರು. ಆವತ್ತು ಸಂಜೆಯಿಂದ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ, ಲೋಕಲ್ಲೂ ನಿಂತಿತು. ವಾರದ ಮೇಲೆ ಅದೇ ಭಯ್ಯಾ ಒಂದು ದೊಡ್ಡ ಕಟ್ಟು ಪಾಲಕ್ ತಂದು ಗಲ್ಲಾದ ಮೇಲಿಟ್ಟು ಕೈ ಮುಗಿದರು. ಅತ್ತೆ ಕಟ್ಟನ್ನು ನೋಡಿ, "ಇಷ್ಟು ಯಾಕೆ?" ಎಂದು ಕೇಳಿ ಅರ್ಧ ವಾಪಸು ಕೊಟ್ಟರು!

ನಾಲ್ಕು ಪ್ರಶ್ನೆ ಅಂಗಡಿಯಲ್ಲೇ ಉಳಿದಿದ್ದರೆ ನಮ್ಮ ಪುಣ್ಯ. ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಪಾಡು. ಎರಡನೇ ಸಲ ಅನ್ನ ಕೇಳಿದರೆ ಸೌಟು ಅಲ್ಲೇ ನಿಲ್ಲುತ್ತದೆ, ಬೆಳಗ್ಗೆ ಏನು ತಿಂದೆ, ಎಷ್ಟು ತಿಂದೆ, ಯಾವಾಗ ತಿಂದೆ ಎಂಬ ವಿಚಾರಣೆ ಮುಗಿಯಬೇಕು. ನನ್ನ ಮಗಳಿಗೆ ಎರಡೆರಡು ಟ್ಯೂಷನ್ ಹಾಕಿದ್ದೇನೆಂದು ತಿಳಿದಾಗ ಫೋನಿನಲ್ಲೇ ಅರ್ಧ ಗಂಟೆ ಪಾಠವಾಯಿತು. ಮೂಟೆಗಟ್ಟಲೆ ಸುರಿದರೆ ಬೇರು ಸುಡುತ್ತದೆ ಕಣೇ, ಮಗು ಕುಡಿಯುವಷ್ಟು ಹಾಕು ಎಂದರು. ಒಂದು ಟ್ಯೂಷನ್ ಬಿಡಿಸಿದೆ. ಮಗಳು ಈಗ ಅತ್ತೆಯ ಪರಮಭಕ್ತೆ.

ಎಲ್ಲಕ್ಕಿಂತ ವಿಚಿತ್ರವೆಂದರೆ ಕಾಫಿಯ ವಿಷಯ. ಅಂಗಡಿಯಲ್ಲಿ ತಕ್ಕಡಿಯ ಮೇಲುಗಡೆ ಮಾವನ ಫೋಟೋ ಇದೆ. ದಿನಾ ಬೆಳಗ್ಗೆ ಷಟರ್ ಎತ್ತಿದ ಕೂಡಲೇ ಅತ್ತೆ ಫ್ಲಾಸ್ಕಿನಿಂದ ಒಂದು ಪುಟ್ಟ ಲೋಟಕ್ಕೆ ಕಾಫಿ ಬಗ್ಗಿಸಿ ಫೋಟೋದ ಮುಂದೆ ಇಡುತ್ತಾರೆ. ಅರ್ಧ ಗಂಟೆ ಬಿಟ್ಟು ತಾವೇ ಅದನ್ನು ಕುಡಿಯುತ್ತಾರೆ, ಮುಖ ಕಿವುಚಿಕೊಂಡು. ಯಾಕೆಂದರೆ ಅದಕ್ಕೆ ಸಕ್ಕರೆ ಇಲ್ಲ! ಮಾವನಿಗೆ ಸಕ್ಕರೆ ಕಾಯಿಲೆಯಿತ್ತು. ಬದುಕಿದ್ದಾಗ ಮನೆಯಲ್ಲಿ ಸಪ್ಪೆ ಕಾಫಿ ಕುಡಿದು, ಪಕ್ಕದ ಉಡುಪಿ ಹೋಟೆಲಿನಲ್ಲಿ ಕದ್ದು ಸಿಹಿ ಕಾಫಿ ಕುಡಿದು, ಅತ್ತೆಯ ಕೈಗೆ ಸಿಕ್ಕಿಬೀಳುತ್ತಿದ್ದರು. ಹೋದವರಿಗೂ ಪಥ್ಯವೇ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ.

"ಡಾಕ್ಟರು ಬೇಡ ಅಂದಿದಾರೆ," ಎಂದರು ಅತ್ತೆ.

"ಇನ್ನೇನಾಗತ್ತೆ ಅತ್ತೆ ಅವರಿಗೆ?"

"ನಿಮ್ಮ ಮಾವ ಎಂಥವರು ಅಂತ ನಿನಗೆ ಗೊತ್ತಿಲ್ಲ. ಒಂದು ದಿನ ಸಡಿಲ ಬಿಟ್ರೆ ದಿನಾ ಕೇಳ್ತಾರೆ."

ಇನ್ನು ನನ್ನ ಕರಿಬೇವಿನ ಕಥೆಗೆ ಬರುತ್ತೇನೆ. ಮುಂಬಯಿಯ ಕನ್ನಡಿಗರ ಬಾಲ್ಕನಿಯಲ್ಲಿ ಎರಡು ಗಿಡ ಇದ್ದೇ ಇರುತ್ತವೆ, ತುಳಸಿ ಮತ್ತು ಕರಿಬೇವು. ತುಳಸಿಗೆ ನಾವು ನೀರು ಹಾಕಿ ಕೈ ಮುಗಿದು ಸುಮ್ಮನಾಗುತ್ತೇವೆ, ಹಾಗಾಗಿ ಅದು ಬದುಕುತ್ತದೆ. ಕರಿಬೇವಿಗೆ ಉಪಚಾರ ಮಾಡುತ್ತೇವೆ! ಹುಳಿ ಮಜ್ಜಿಗೆ ಹಾಕಿದರೆ ಘಮ ಬರುತ್ತದೆಂದು ನಮ್ಮಮ್ಮ ಹೇಳಿದ್ದರು, ಹಾಕಿದೆ. ಕಾಫಿ ಸೋಸಿದ ಚರಟ ಒಳ್ಳೆಯದೆಂದು ನಮ್ಮ ಯಜಮಾನರು ಎಲ್ಲೋ ಓದಿದರು, ಅದನ್ನೂ ಹಾಕಿದೆವು. ಅಕ್ಕಿ ತೊಳೆದ ನೀರು, ಉದ್ದಿನಬೇಳೆ ನೆನೆಸಿದ ನೀರು, ಯಾವುದನ್ನೂ ಸಿಂಕಿಗೆ ಹೋಗಗೊಡಲಿಲ್ಲ. ಎಲೆ ಹಳದಿಯಾಗತೊಡಗಿದಾಗ, ಪಾಪ ಹಸಿದಿದೆ ಎಂದು ಸೊಸೈಟಿಯ ಮಾಲಿಯಿಂದ ಒಂದು ಹಿಡಿ ಯೂರಿಯಾ ಇಸಕೊಂಡು ಅದನ್ನೂ ಸುರಿದೆ. ಇದ್ದ ಹಸಿರೂ ಹೋಯಿತು.

ಅತ್ತೆಗೆ ಫೋನು ಮಾಡಿ ಒಳ್ಳೆಯ ಗೊಬ್ಬರ ಕೊಡಿ ಎಂದರೆ, ಮೊದಲು ಮಣ್ಣು ತಾ ಎಂದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಮಣ್ಣು ತುಂಬಿ ಫೋರ್ಟ್‌ನ ನಮ್ಮ ಬ್ಯಾಂಕಿಗೆ ಒಯ್ದೆ, ಸಂಜೆ ಅಲ್ಲಿಂದಲೇ ಭಾಂಡುಪಿಗೆ ಹೋಗೋಣವೆಂದು. ನನ್ನ ಪಕ್ಕದ ಮೇಜಿನ ಮರಾಠಿ ಗೆಳತಿಗೆ ಊಟದ ಹೊತ್ತಿನಲ್ಲಿ ನನ್ನ ಡಬ್ಬಿಯನ್ನು ಕೇಳದೆ ತೆರೆಯುವ ಸಲಿಗೆ ಉಂಟು. ತೆರೆದಳು. ಸ್ವಲ್ಪ ಹೊತ್ತು ನೋಡಿದಳು. ನನಗೆ ನೋವಾಗಬಾರದೆಂದು ಬಹಳ ನಯವಾಗಿ, "ತುಮ್ಹಾರೇ ಮೈಸೂರ್ ಕಾ ರಾಗಿ ಹೈ ಕ್ಯಾ?" ಎಂದು ಕೇಳಿದಳು. ಆಮೇಲಿಂದ ಅವಳು ನನ್ನ ಡಬ್ಬಿ ಮುಟ್ಟುವುದಿಲ್ಲ.

ಅಷ್ಟು ಪಾಡುಪಟ್ಟು ಒಯ್ದರೆ ಅತ್ತೆ ಡಬ್ಬಿ ನೋಡಿದವರೇ ಬೈಯಲು ಶುರು. ಮೇಲಿನ ಮಣ್ಣು ಯಾಕೆ ತಂದೆ, ಬೇರಿನ ಹತ್ತಿರದ್ದು ತರಬೇಕು, ಸಾರಿನ ಮೇಲಿನ ತಿಳಿ ನೋಡಿ ಬೇಳೆ ಬೆಂದಿದೆಯೋ ಇಲ್ಲವೋ ಹೇಳುತ್ತೀಯಾ ಎಂದರು. ಕೊನೆಗೆ ಭಾನುವಾರ ತಾವೇ ಮಲಾಡಿಗೆ ಬಂದರು. ಕರಿಬೇವು ನೆಟ್ಟಿದ್ದ ಬಕೆಟ್ಟಿನ ಮಣ್ಣಿಗೆ ಬೆರಳು ಇಳಿಸಿದರು, ಮೂಸಿದರು. ಆಮೇಲೆ ಬಕೆಟ್ಟನ್ನು ವಾಲಿಸಿ, ಮುಡಿಯಿಂದ ಹೇರ್‌ಪಿನ್ ತೆಗೆದು, ಕಾಫಿ ಚರಟ ಮೆತ್ತಿ ಮುಚ್ಚಿಹೋಗಿದ್ದ ತಳದ ತೂತಿಗೆ ಚುಚ್ಚಿದರು. ಹುಳಿ ನಾತದ ಕಪ್ಪು ನೀರು ಬಾಲ್ಕನಿ ತುಂಬ ಹರಿಯಿತು.

"ಗಿಡಕ್ಕೆ ಹಸಿವಾಗಿಲ್ಲ ಕಣೇ, ಅಜೀರ್ಣ ಆಗಿದೆ," ಎಂದರು ಅತ್ತೆ. ಒಂದು ತಿಂಗಳು ನೀರು ಬಿಟ್ಟು ಏನೂ ಹಾಕಕೂಡದೆಂದು ಆಜ್ಞೆಯಾಯಿತು. ಎರಡನೇ ತಿಂಗಳಿಗೆ ಕೆಂಪು ಚಿಗುರು ಬಂತು. ಗೊಬ್ಬರದಂಗಡಿಯವರು ನನಗೆ ಕೊಟ್ಟ ಔಷಧಿ ಏನು ಗೊತ್ತೇ? ಏನೂ ಇಲ್ಲ!

ಹೀಗೆ ಎಲ್ಲರನ್ನೂ ವಿಚಾರಣೆ ಮಾಡುತ್ತಿದ್ದ ಅತ್ತೆಯನ್ನೇ ಒಂದು ದಿನ ಸರ್ಕಾರ ಪ್ರಶ್ನೆ ಕೇಳಿತು. ಅಂಗಡಿಯ ಲೈಸನ್ಸು ಮಾವನ ಹೆಸರಿನಲ್ಲಿತ್ತು, ಅದರ ಅವಧಿ ಮುಗಿಯುತ್ತ ಬಂದಿತ್ತು. ಅತ್ತೆಯ ಹೆಸರಿಗೆ ಹೊಸದು ಬೇಕೆಂದರೆ ಗೊಬ್ಬರ ಮಾರುವವರಿಗಾಗಿಯೇ ಇರುವ ಕೋರ್ಸು ಮಾಡಬೇಕು, ಪರೀಕ್ಷೆ ಪಾಸಾಗಬೇಕು, ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಷಟರ್ ಎಳೆಯಬೇಕು. ಅತ್ತೆಯ ಮಗ ಪಕ್ಕದ ಠಾಣೆ ಪಟ್ಟಣದಲ್ಲಿರುತ್ತಾನೆ, ಒಳ್ಳೆಯ ಹುಡುಗ, ಕನ್ನಡ ಮಾತ್ರ ಕುಂಟುತ್ತದೆ. "ಮಮ್ಮಿ, ಛೋಡ್ ದೋ ನಾ," ಎಂದ. "ಈ ಏಜಲ್ಲಿ ಎಗ್ಸಾಮ್ ಯಾಕೆ? ಮೊಬೈಲ್ ಕವರ್‌ವಾಲಾ ಗಾಳಾ ಕೇಳ್ತಾ ಇದಾನೆ. ನೀನು ಆರಾಮ್ ಮಾಡು." ಅತ್ತೆ ಅವನಿಗೆ ನಾಲ್ಕು ಪ್ರಶ್ನೆಯಲ್ಲಿ ಒಂದನ್ನೂ ಕೇಳಲಿಲ್ಲ. ಆಗಲೇ ನನಗೆ ಹೆದರಿಕೆಯಾಯಿತು.

ಆ ವಾರ ನಾನು ಹೋದಾಗ ಅತ್ತೆ ಗಲ್ಲಾದ ಹಿಂದೆ ಸುಮ್ಮನೆ ಕೂತಿದ್ದರು. ಗಿರಾಕಿಯೊಬ್ಬ ಬಂದು ಕೇಳಿದ್ದನ್ನು ಬಾಯಿ ಮುಚ್ಚಿಕೊಂಡು ಕೊಟ್ಟು ಕಳಿಸಿದರು. ಅವನೇ ಗಾಬರಿಯಾಗಿ ಎರಡು ಸಲ ತಿರುಗಿ ನೋಡಿಕೊಂಡು ಹೋದ.

"ಇಲ್ಲಿನ ಮುನಿಸಿಪಾಲಿಟಿ ಕನ್ನಡ ಶಾಲೇಲಿ ಹತ್ತರವರೆಗೆ ಓದಿದ್ದು ನಾನು," ಎಂದರು ಅತ್ತೆ. "ಲೆಕ್ಕದಲ್ಲಿ ಹೋಯ್ತು. ನಮ್ಮಪ್ಪ ಮದುವೆ ಮಾಡಿಬಿಟ್ರು. ಆಮೇಲೆ ಪರೀಕ್ಷೆ ಅಂತ ಒಂದೂ ಬರೆದಿಲ್ಲ ಕಣೇ. ಈಗ ಫೇಲಾದ್ರೆ ಈ ಜಾಗಾನೂ ಹೋಗತ್ತೆ, ನಿಮ್ಮ ಮಾವನ್ನ ಎಲ್ಲಿಗೆ ಅಂತ ಎತ್ಕೊಂಡು ಹೋಗ್ಲಿ?"

ಫೋಟೋ ಎತ್ತಿಕೊಂಡು ಹೋಗಲು ಮನೆಯಲ್ಲಿ ಗೋಡೆ ಇರಲಿಲ್ಲವೇ? ಇತ್ತು. ಆದರೆ ಅತ್ತೆ ಹೇಳಿದ್ದು ಗೋಡೆಯ ಮಾತಲ್ಲವೆಂದು ನನಗೂ ಗೊತ್ತಿತ್ತು.

ಆಮೇಲೆ ಅವರು ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದರು. ಮುಂದೆ ಲೈಸನ್ಸು ಹೊಸದು ಮಾಡಿಸಲು ಬೇಕಾಗುತ್ತದೆಂದು ಮಾವನೂ ಇದೇ ಕೋರ್ಸಿಗೆ ಸೇರಿದ್ದರಂತೆ. ಒಂದೇ ದಿನ ಹೋಗಿದ್ದರು, ಮರುದಿನ ಆಸ್ಪತ್ರೆ ಸೇರಿದರು, ತಿರುಗಿ ಬರಲಿಲ್ಲ. ಮೊದಲ ಪುಟದ ಮೇಲೆ ಶ್ರೀಕಾರ, ಕೆಳಗೆ ಮಾವನ ಗುಂಡು ಅಕ್ಷರದಲ್ಲಿ ಸರಿಯಾದ ಗೊಬ್ಬರ, ಸರಿಯಾದ ಪ್ರಮಾಣ, ಸರಿಯಾದ ಸಮಯ, ಸರಿಯಾದ ಜಾಗ ಎಂದು ಆವತ್ತಿನ ಪಾಠ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಇದನ್ನೇ ಅಲ್ಲವೇ ನಾನು ಮೊದಲಿನಿಂದ ಹೇಳುತ್ತಿರುವುದು!" ಎಂದು ಬರೆದುಕೊಂಡಿದ್ದರು. ಓದಿ ಇಬ್ಬರೂ ನಕ್ಕೆವು. ಉಳಿದ ಪುಟಗಳೆಲ್ಲ ಖಾಲಿ. ನೋಟ್‌ಬುಕ್ ದುಡ್ಡು ಕೊಟ್ಟು ತಂದದ್ದು, ಸುಮ್ಮನೆ ಹಾಳಾಗಬಾರದು ಎಂದು ಅತ್ತೆ ಮೂಗೊರೆಸಿಕೊಂಡರು. ಮರುದಿನವೇ ಕೋರ್ಸಿಗೆ ಹೆಸರು ಕೊಟ್ಟರು.

ಕೋರ್ಸು ನಡೆಯುವುದು ಕಲ್ಯಾಣದ ಆಚೆಯ ಒಂದು ತರಬೇತಿ ಕೇಂದ್ರದಲ್ಲಿ. ಬೆಳಗಿನ ಜನವೆಲ್ಲ ಆಫೀಸಿಗೆಂದು ಈ ಕಡೆ ಬರುವಾಗ ಅತ್ತೆ ಆ ಕಡೆ ಹೋಗಬೇಕು. ಜನ್ಮದಲ್ಲಿ ಮೊದಲ ಸಲ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಕ್ಕಿತು, ವಿದ್ಯೆಗೆ ಎಂಥ ಬೆಲೆ ನೋಡು ಎಂದು ಫೋನು ಮಾಡಿದರು! ಮೊದಲ ದಿನ ಅಲ್ಲಿನ ಸರ್, ಮಗನನ್ನು ಬಿಡಲು ಬಂದಿರಾ ಎಂದು ಕೇಳಿದರಂತೆ. ಜೊತೆಯಲ್ಲಿದ್ದವರೆಲ್ಲ ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿದ ಎಳೆಯ ಅಂಗಡಿಯವರು, ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಕ್ಕರಂತೆ. ಅತ್ತೆ ಯಾರನ್ನೂ ಲೆಕ್ಕಿಸದೆ ಮಾವನ ನೋಟ್‌ಬುಕ್ಕಿನ ಎರಡನೇ ಪುಟ ತೆರೆದು ಕೂತರು. ಮೂರನೇ ದಿನ ಸರ್ ಊಟದ ಹೊತ್ತು ಮೀರಿದರೂ ಪಾಠ ನಿಲ್ಲಿಸದಿದ್ದಾಗ ಎದ್ದು ನಿಂತು, ಗೊಬ್ಬರವನ್ನು ಎರಡು ಕಂತಿನಲ್ಲಿ ಕೊಡಿ ಎಂದು ಹೇಳಿದವರೇ ಪಾಠವನ್ನು ಒಂದೇ ಕಂತಿನಲ್ಲಿ ಸುರಿದರೆ ಹೇಗೆ, ಎಲ್ಲ ಹರಿದುಹೋಗುತ್ತದಲ್ಲ ಎಂದು ಕೇಳಿದರು. ಅವತ್ತಿನಿಂದ ಹುಡುಗರಿಗೆ ಅತ್ತೆ ಚಿಕ್ಕಮ್ಮ, ಅವರ ಮರಾಠಿಯಲ್ಲಿ 'ಮಾವ್‌ಶಿ' ಆದರು, ಊಟ ಹೊತ್ತಿಗೆ ಸರಿಯಾಗಿ ಸಿಗತೊಡಗಿತು.

ಪರೀಕ್ಷೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಲಿಖಿತ ಪರೀಕ್ಷೆಯಲ್ಲಿ ಹಾಳು ಲೆಕ್ಕವೇ ಮೊದಲು! ಬೆಳೆಗೆ ಇಪ್ಪತ್ತಮೂರು ಕಿಲೋ ಸಾರಜನಕ ಬೇಕು, ಯೂರಿಯಾ ಎಷ್ಟು ಹಾಕಬೇಕು? ನೂರು ಕಿಲೋ ಯೂರಿಯಾದಲ್ಲಿ ನಲವತ್ತಾರು ಕಿಲೋ ಸಾರಜನಕ ಎಂಬುದು ಅತ್ತೆಗೆ ನಿದ್ದೆಯಲ್ಲೂ ಗೊತ್ತು. ಐವತ್ತು ಕಿಲೋ ಎಂದು ಬರೆದರಂತೆ. ಬರೆದು ಸುಮ್ಮನಿರಬೇಕೋ ಬೇಡವೋ? ಕೆಳಗೆ ಮರಾಠಿಯಲ್ಲಿ, ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದ್ದಾರೋ ಇಲ್ಲವೋ ಪ್ರಶ್ನೆಯಲ್ಲಿ ಹೇಳಿಲ್ಲ, ಹಾಕಿದ್ದರೆ ಇಷ್ಟು ಬೇಡ, ಮೊದಲು ಕೇಳಿಕೊಂಡು ಬನ್ನಿ ಎಂದು ಪ್ರಶ್ನೆಪತ್ರಿಕೆಗೇ ಬುದ್ಧಿ ಹೇಳಿ ಬಂದಿದ್ದರು.

ಆಮೇಲೆ ಬಾಯಿಪರೀಕ್ಷೆ, ಅದು ವರಾಂಡದಲ್ಲೇ. ನಾನು ಕಂಬದ ಪಕ್ಕ ನಿಂತು ನೋಡುತ್ತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಆ ಕೇಂದ್ರದಲ್ಲೇ ಇದ್ದ, ಹಳದಿ ಬಿದ್ದ ಒಂದು ಗಿಡವನ್ನು ಕುಂಡದ ಸಮೇತ ಮೇಜಿನ ಮೇಲಿಟ್ಟು, ಇದಕ್ಕೆ ಏನು ಕಡಿಮೆಯಾಗಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಒಬ್ಬ ಸಾರಜನಕ ಎಂದ, ಒಬ್ಬ ಕಬ್ಬಿಣ ಎಂದ, ಇನ್ನೊಬ್ಬ ಎಲ್ಲವನ್ನೂ ಸೇರಿಸಿ ಹೇಳಿ ಕೂತ. ಅತ್ತೆಯ ಸರದಿ ಬಂತು. ಅವರು ಎಲೆ ನೋಡಲೇ ಇಲ್ಲ. ಮಣ್ಣಿಗೆ ಬೆರಳು ಇಳಿಸಿದರು, ಮೂಸಿದರು. ಆ ಹುಳಿ ನಾತ ಕಂಬದವರೆಗೂ ಬಂತು. ನನ್ನ ಬಾಲ್ಕನಿಯ ವಾಸನೆ ನನಗೆ ಗೊತ್ತಾಗದೇ!

ಅತ್ತೆ ಪರೀಕ್ಷಕರಿಗೇ ತಿರುಗಿ ಕೇಳಿದರು: ಇದಕ್ಕೆ ಯಾವುದು ಹಾಕಿದ್ದೀರಿ? ಎಷ್ಟು? ಯಾವಾಗ? ಎಲ್ಲಿ? ಪರೀಕ್ಷಕರು ಸರ್ ಮುಖ ನೋಡಿದರು, ಸರ್ ಪ್ಯೂನಿನ ಮುಖ ನೋಡಿದರು. ಆಗ ಗುಟ್ಟು ಹೊರಬಿತ್ತು. ಪ್ರತಿ ಬ್ಯಾಚಿನವರು ಹೇಳಿದ ಗೊಬ್ಬರವನ್ನೆಲ್ಲ ಪರೀಕ್ಷೆ ಮುಗಿದ ಮೇಲೆ ಪ್ಯೂನು ತಪ್ಪದೆ ಆ ಗಿಡಕ್ಕೇ ಹಾಕುತ್ತ ಬಂದಿದ್ದ!

"ಸರ್, ಇದಕ್ಕೆ ಯಾವುದೂ ಕಡಿಮೆ ಆಗಿಲ್ಲ. ಎಲ್ಲ ಜಾಸ್ತಿ ಆಗಿದೆ," ಎಂದು ಅತ್ತೆ ಮರಾಠಿಯಲ್ಲಿ ಹೇಳಿ ಮುಡಿಗೆ ಕೈ ಹಾಕಿದರು. ಹೇರ್‌ಪಿನ್ ಹೊರಬಂತು. ಕುಂಡ ವಾಲಿತು. ಕಪ್ಪು ನೀರು ಮೇಜಿನಿಂದ ಇಳಿದು ಪರೀಕ್ಷಕರ ಬೂಟಿನ ಮೇಲೆ ಹರಿಯಿತು. ಆ ಮಹಾನುಭಾವರು ಬೂಟು ಒರೆಸಿಕೊಳ್ಳದೆ ಕೊನೆಯ ಪ್ರಶ್ನೆ ಕೇಳಿದರು: ನೀವು ಕೊಡದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನಲ್ಲ, ಆಗ?

"ಹೋಗಲಿ," ಎಂದರು ಅತ್ತೆ. "ಎಲೆ ಸುಟ್ಟ ಮೇಲೆ ನನ್ನ ಹತ್ರಾನೇ ಬರ್ತಾನೆ."

ಇಡೀ ಬ್ಯಾಚಿಗೆ ಅತ್ತೆ ಮೊದಲು ಬಂದರು. ಲೆಕ್ಕದಲ್ಲಿ ಹೋದ ಹುಡುಗಿ, ಲೆಕ್ಕದಲ್ಲೇ ಪೂರ್ತಿ ಅಂಕ ತೆಗೆದು! ಸರ್ಟಿಫಿಕೇಟ್ ಕೊಡುವಾಗ ಕೂಲಿಂಗ್ ಗ್ಲಾಸಿನ ಹುಡುಗರೆಲ್ಲ "ಮಾವ್‌ಶಿ, ಮಾವ್‌ಶಿ" ಎಂದು ಶಿಳ್ಳೆ ಹೊಡೆದರು. ಹಿಂದೆಯೇ ಲೈಸನ್ಸೂ ಬಂತು. ಬೇಡ ಬೇಡ ಎನ್ನುತ್ತಿದ್ದ ಮಗ ಠಾಣೆಯಿಂದ ಡ್ರಿಲ್ ಮಷೀನು ತಂದು, ಮಾವನ ಫೋಟೋದ ಪಕ್ಕ ತಾನೇ ತೂತು ಕೊರೆದು ಸರ್ಟಿಫಿಕೇಟನ್ನು ತೂಗುಹಾಕಿ, "ಮಮ್ಮಿ, ಏಕ್ ನಂಬರ್," ಎಂದ. ಮೊಬೈಲ್ ಕವರಿನವನೂ ಪೇಡಾ ಹಿಡಿದು ಅಭಿನಂದಿಸಲು ಬಂದ, ಬಂದವನು ಗುಲಾಬಿ ಗಿಡಕ್ಕೆ ಗೊಬ್ಬರ ಕೇಳಿದ. ಅತ್ತೆ ಕೊಡಲಿಲ್ಲ. ಮಣ್ಣು ತಾ ಎಂದರು.

ಗದ್ದಲವೆಲ್ಲ ಮುಗಿದು ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಗಡಿಬಿಡಿಯಲ್ಲಿ ಅತ್ತೆ ಅವತ್ತು ಮಾವನಿಗೆ ಕಾಫಿ ಇಡುವುದನ್ನೇ ಮರೆತಿದ್ದರು. ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿದವರು ಇಡದೆ ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಪಕ್ಕದ ಹೋಟೆಲಿನಿಂದ ಸ್ವಲ್ಪ ಸಕ್ಕರೆ ತಾ, ಚಮಚವನ್ನೂ ಅಲ್ಲಿಂದಲೇ ತಾ, ಅಂಗಡಿಯದು ಬೇಡ ಎಂದರು. ನಾನು ಓಡಿಹೋಗಿ ತಂದೆ.

ಅತ್ತೆ ಒಂದು ಚಮಚ ಹಾಕಿದರು. ಎರಡು ಹಾಕಿದರು. ಮೂರನೆಯದನ್ನು ತುಂಬಿದಾಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಎಷ್ಟು?" ಎಂದೆ.

"ಇವತ್ತು ಕೇಳಬೇಡ ಕಣೇ," ಎಂದರು ಅತ್ತೆ. ಅವರ ಸ್ವರ ಅಷ್ಟು ಮೆತ್ತಗಿದ್ದುದನ್ನು ನಾನು ಹಿಂದೆ ಕೇಳಿರಲಿಲ್ಲ.

ಮೂರನೆಯದನ್ನೂ ಹಾಕಿ, ಕಲಕಿ, ಲೋಟವನ್ನು ಫೋಟೋದ ಮುಂದಿಟ್ಟರು. ಪಕ್ಕದಲ್ಲಿ ಆ ನೋಟ್‌ಬುಕ್ಕನ್ನೂ ಇಟ್ಟರು. ಒಂದು ಪುಟ ಮಾವನ ಗುಂಡು ಅಕ್ಷರ, ಉಳಿದದ್ದೆಲ್ಲ ಅತ್ತೆಯ ವಕ್ರ ಅಕ್ಷರ, ಕೊನೆಯ ಹಾಳೆಯವರೆಗೂ ತುಂಬಿತ್ತು. "ಕುಡೀರಿ," ಎಂದರು ಫೋಟೋಗೆ. "ನೀವು ಬಿಟ್ಟು ಹೋಗಿದ್ದನ್ನ ಮುಗಿಸಿದೀನಿ."

ನನಗೆ ಅಳು ಬಂತು, ಬಾಗಿಲ ಕಡೆ ತಿರುಗಿ ನಿಂತೆ. ಅರ್ಧ ಗಂಟೆ ಕಳೆದ ಮೇಲೆ ಅತ್ತೆ ಎಂದಿನಂತೆ ಲೋಟ ಎತ್ತಿದರು. ಪಾಯಸದಂತಿದ್ದ ಆ ಕಾಫಿಯನ್ನು ಮುಖ ಕಿವುಚದೆ, ನಿಧಾನವಾಗಿ, ತಳದಲ್ಲಿ ಕರಗದೆ ಉಳಿದಿದ್ದ ಸಕ್ಕರೆಯವರೆಗೂ ಕುಡಿದರು.